ಹೊಲಿಗೆ ಕೋಣೆಯ ಎಂಟನೆಯ ಅಭ್ಯರ್ಥಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೈಸ್ಕೂಲಿನ ದೊಡ್ಡ ಗೇಟಿಗೆ ಬೀಗ ಬಿದ್ದಿದೆ. ಪಕ್ಕದ ಸಣ್ಣ ಗೇಟು ತುಕ್ಕು ಹಿಡಿದು ಬಿಗಿದುಕೊಂಡಿದೆ; ಕೈಯಲ್ಲಿ ತಳ್ಳಿದರೆ ಜಗ್ಗುವುದಿಲ್ಲ, ಭುಜ ಕೊಟ್ಟು ನೂಕಬೇಕು. ಐವತ್ತು ದಾಟಿದ ಹೆಂಗಸೊಬ್ಬರು ಒಂದು ಕೈಯಲ್ಲಿ ಚಹಾದ ಫ್ಲಾಸ್ಕು, ಇನ್ನೊಂದು ಕೈಯಲ್ಲಿ ಬೀಗದ ಕೈ ಹಿಡಿದು ಭುಜ ಕೊಟ್ಟು ನೂಕುತ್ತಾರೆ. ಗೇಟು ಕಿರುಗುಟ್ಟಿ ದಾರಿ ಬಿಡುತ್ತದೆ.

ಉದ್ದ ಪಡಸಾಲೆಯ ಕೊನೆಯಲ್ಲಿ, ಸೈಕಲ್ ಶೆಡ್ಡಿಗೆ ಅಂಟಿಕೊಂಡಂತೆ ಹೊಲಿಗೆ ಕೋಣೆ. ಒಳಗೆ ಎರಡು ಸಾಲು ಕಾಲುಮಿಷಿನ್ನುಗಳು, ಒಂದು ಇಸ್ತ್ರಿ ಮೇಜು, ಚಿಂದಿ ಬಟ್ಟೆ ತುಂಬಿದ ಬುಟ್ಟಿ. ಅವರು ಮಿಷಿನ್ನಿನ ತಲೆಗಳನ್ನು ಒಳಗೆ ಮಡಚಿ, ಮೇಲೆ ಹಲಗೆ ಮುಚ್ಚುತ್ತಾರೆ. ಮಿಷಿನ್ನು ಡೆಸ್ಕಾಗುತ್ತದೆ. ಬೀರುವಿನಿಂದ ಕಪ್ಪು ಲೈನಿಂಗ್ ಬಟ್ಟೆಯ ದೊಡ್ಡ ತುಂಡೊಂದನ್ನು ತೆಗೆದು ಗೋಡೆಯ ಮೊಳೆಗಳಿಗೆ ಬಿಗಿಯಾಗಿ ಸಿಕ್ಕಿಸುತ್ತಾರೆ. ಅದು ಬೋರ್ಡು. ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಚಾಕೇ ಸೀಮೆಸುಣ್ಣ. ಒರೆಸಲು ಕೋಟು ಉಜ್ಜುವ ಬ್ರಷ್ಷು.

ಒಬ್ಬೊಬ್ಬರಾಗಿ ಮಕ್ಕಳು ಬರುತ್ತಾರೆ. ಕೆಲವರ ಕೂದಲು ಇನ್ನೂ ಒದ್ದೆ, ಕೆಲವರ ಬಾಯಲ್ಲಿ ಅರ್ಧ ಅಗಿದ ಬ್ರೆಡ್ಡು. ಏಳು ಜನ. ಎಲ್ಲರಿಗಿಂತ ಕೊನೆಗೆ, ಮಸಿ ಹತ್ತಿದ ನೀಲಿ ಸಮವಸ್ತ್ರ ತೊಟ್ಟ ದೊಡ್ಡ ಆಳೊಬ್ಬರು ಬಾಗಿಲಲ್ಲಿ ಬೂಟು ಬಿಚ್ಚಿಟ್ಟು ಒಳಗೆ ಬರುತ್ತಾರೆ. ಹಿಂದಿನ ಸಾಲಿನ ಮಿಷಿನ್ನಿನ ಮುಂದೆ ಕೂತು ಪುಸ್ತಕ ತೆರೆಯುತ್ತಾರೆ. ಸ್ವಲ್ಪ ಹೊತ್ತಿಗೆ ಅವರ ತಲೆ ಪುಸ್ತಕದ ಮೇಲೆ ವಾಲುತ್ತದೆ. ಮಕ್ಕಳಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಇದು ದಿನಾ ಇದ್ದದ್ದೇ.

ಆಕೆ ಕಪ್ಪು ಬಟ್ಟೆಯ ಮೇಲೆ ಒಂದು ಲೆಕ್ಕ ಬರೆದು ಮಕ್ಕಳ ಕಡೆ ತಿರುಗುತ್ತಾರೆ.

"ಇದು ನನಗೆ ನಿನ್ನೆ ಅರ್ಥ ಆಗಿಲ್ಲ. ಸಂಜೆ ಮನೇಲಿ ಕೂತು ಇನ್ನೊಂದು ಸಲ ನೋಡಿದೆ. ಆಗಲೂ ಆಗಿಲ್ಲ. ನಿಮ್ಮಲ್ಲಿ ಯಾರಿಗಾದ್ರೂ ಆಯ್ತಾ?"

ಈ ಶಾಲೆಯ ಯಾವ ವೇಳಾಪಟ್ಟಿಯಲ್ಲೂ ಇಲ್ಲದ ಹೈಯರ್ ಮ್ಯಾಥ್ಸ್ ತರಗತಿ ಶುರುವಾಗುವುದು ಹೀಗೆ. ಪಾಠ ಮಾಡುವವರು ಗಣಿತದ ಮೇಡಂ ಅಲ್ಲ, ಹೊಲಿಗೆ ಟೀಚರ್. ಊರಿನವರು ಅವರನ್ನು ಕರೆಯುವುದೂ ಹಾಗೆಯೇ. ಮನೆಯ ವಿಳಾಸ ಕೇಳಿದರೆ "ಹೊಲಿಗೆ ಟೀಚರ್ ಮನೇನಾ, ಆ ತಿರುವಲ್ಲಿ" ಎನ್ನುತ್ತಾರೆ.

ಊರು ಚಿಕ್ಕದು. ಒಂದು ಕಾಗದದ ಕಾರ್ಖಾನೆ, ಅದರ ಸುತ್ತ ಕೆಲಸಗಾರರ ಮನೆಗಳು, ಒಂದು ಬಸ್ ನಿಲ್ದಾಣ, ಒಂದು ಹೈಸ್ಕೂಲು. ಶಾಲೆಯಲ್ಲಿ ಗಣಿತವಿದೆ, ವಿಜ್ಞಾನವಿದೆ. ಆದರೆ ಎಂಜಿನಿಯರಿಂಗ್ ಓದಬೇಕೆಂದರೂ, ಭೌತಶಾಸ್ತ್ರ ಓದಬೇಕೆಂದರೂ ನಗರದ ಕಾಲೇಜುಗಳು ಕೇಳುವ ಮೇಲಿನ ಹಂತದ ಗಣಿತ ಇಲ್ಲ. ಅದಕ್ಕೆ ಬೇಕಾದ ಶಿಕ್ಷಕರ ಹುದ್ದೆಯೇ ಇಲ್ಲಿಗೆ ಮಂಜೂರಾಗಿಲ್ಲ. ಹುದ್ದೆ ಏಕಿಲ್ಲ ಎಂದರೆ ಆ ವಿಷಯ ಓದುವ ಮಕ್ಕಳಿಲ್ಲ. ಮಕ್ಕಳು ಏಕಿಲ್ಲ ಎಂದರೆ ಕಲಿಸುವವರಿಲ್ಲ. "ಕೋಳಿ ಮೊದಲಾ ಮೊಟ್ಟೆ ಮೊದಲಾ ಅಂತ ಇಲಾಖೆಯವರು ಇಪ್ಪತ್ತು ವರ್ಷದಿಂದ ಯೋಚನೆ ಮಾಡ್ತಿದ್ದಾರೆ" ಎಂದು ಹೆಡ್ಮಾಸ್ಟರು ನಗುತ್ತಾರೆ. ಆ ನಗುವಿನಲ್ಲಿ ಖುಷಿಯೇನೂ ಇಲ್ಲ.

ಹೊಲಿಗೆ ಟೀಚರಿಗೂ ಮೊದಲೆಲ್ಲ ಇದರ ಗೊಡವೆ ಇರಲಿಲ್ಲ. ವಾರಕ್ಕೆ ಇಷ್ಟು ತರಗತಿ. ಕಾಜಾ, ಗುಂಡಿ, ಜೇಬು, ಕಾಲರು. ಮಕ್ಕಳು ಅವರ ತರಗತಿಗೆ ಬರುವುದೇ ಹರಟೆಗೆ. ಬೈಯದ ಟೀಚರ್ ಎಂಬ ಹೆಸರು ಅವರಿಗೆ ಮೊದಲಿನಿಂದಲೂ ಇದೆ. ಏಳು ವರ್ಷದ ಹಿಂದೆ ಬಸ್ ಡ್ರೈವರ ಮಗಳು ಒಂದು ದಿನ ಬಂದು, "ಟೀಚರ್, ನನ್ನ ಜೊತೆ ಕಾಲೇಜಿಗೆ ಬರ್ತೀರಾ?" ಎಂದು ಕೇಳಿದ್ದು ಆ ಸಲಿಗೆಯಿಂದಲೇ. ಆ ಹುಡುಗಿ ಅಂಕದಲ್ಲಿ ಇಡೀ ಶಾಲೆಗೇ ಮೊದಲು ಬಂದವಳು. ಅಪ್ಪನಿಗೆ ರಜೆ ಇಲ್ಲ, ಅಮ್ಮನಿಗೆ ಕಾರ್ಖಾನೆಯಲ್ಲಿ ಪಾಳಿ. ಅರ್ಜಿ ಕೊಡಲು ನಗರಕ್ಕೆ ಒಬ್ಬಳೇ ಹೋಗಲು ಹೆದರಿಕೆ.

ಆ ದಿನದ ಕಥೆಯನ್ನು ಟೀಚರ್ ಹಲಗೆ ಮುಚ್ಚಿದ ಮಿಷಿನ್ನಿನ ಮೇಲೆ ಮೊಣಕೈ ಊರಿ ಹೇಳುತ್ತಾರೆ. "ಗಾಜಿನ ಹಿಂದೆ ಒಬ್ಬರು ಕೂತಿದ್ರು. ಇವಳ ಅಂಕಪಟ್ಟಿ ನೋಡಿ ಮೊದಲು ಅವರ ಮುಖ ಅರಳಿತು. ಆಮೇಲೆ ಬೆರಳಿಟ್ಟು ಕೆಳಗಿನ ತನಕ ಹುಡುಕಿದ್ರು. 'ಹೈಯರ್ ಮ್ಯಾಥ್ಸ್ ಎಲ್ಲಮ್ಮ?' ಅಂದ್ರು. 'ನಮ್ಮ ಸ್ಕೂಲಲ್ಲಿ ಇಲ್ಲ ಸಾರ್' ಅಂದಳು. 'ಇಲ್ಲ ಅಂದ್ರೆ ನೀನು ಓದಿಲ್ಲ ಅಂತ ತಾನೇ?' ಅಂದ್ರು. 'ಇದ್ದಿದ್ರೆ ಓದ್ತಿದ್ದೆ ಸಾರ್' ಅಂದಳು. ಪಾಪ, ಆ ಮನುಷ್ಯ ಕೆಟ್ಟವರೇನಲ್ಲ. ಒಂದು ಗಳಿಗೆ ಅಂಕಪಟ್ಟಿ ಹಿಡ್ಕೊಂಡೇ ಕೂತಿದ್ರು. ನಮ್ಮ ಹಿಂದೆ ಸಾಲು ಉದ್ದ ಇತ್ತು. ವಾಪಸ್ ಕೊಟ್ಟು, ಮುಂದಿನವರು ಬನ್ನಿ ಅಂದ್ರು."

ವಾಪಸ್ಸು ಬರುವಾಗ ಬಸ್ಸಿನಲ್ಲಿ ಹುಡುಗಿ ಅಳಲಿಲ್ಲವಂತೆ. ಕಿಟಕಿಯಾಚೆ ನೋಡುತ್ತಾ ಕೂತಿದ್ದವಳು ಊರು ಹತ್ತಿರ ಬಂದಾಗ ಒಂದೇ ಒಂದು ಮಾತು ಕೇಳಿದಳಂತೆ: "ಟೀಚರ್, ಇಲ್ಲದ್ದನ್ನ ನಾನು ಓದಿಲ್ಲ ಅನ್ನೋದು ನನ್ನ ತಪ್ಪಾ?"

"ಏನು ಹೇಳಲಿ ನಾನು? ಅಲ್ಲ ಮಗಾ ಅಂತ ಹೇಳಬಹುದಿತ್ತು. ಹೇಳಿದ್ರೆ ಏನು ಬಂತು? ಸೀಟು ಬರುತ್ತಾ?" ಟೀಚರ್ ಹಲಗೆಯ ಮೇಲಿನ ದಾರದ ಚೂರುಗಳನ್ನು ಕೈಯಿಂದ ಒರೆಸುತ್ತಾರೆ. "ಬಾಯಲ್ಲಿ ಹೇಳೋಕೆ ಉತ್ತರ ಇರಲಿಲ್ಲ. ಅದಕ್ಕೇ ಕೈ ಹಾಕಿದೆ."

ಕೈ ಹಾಕಿದ್ದು ಸುಲಭವಾಗಿರಲಿಲ್ಲ. ಮರುದಿನವೇ ಅವರು ಹೆಡ್ಮಾಸ್ಟರ ಕೋಣೆಗೆ ಹೋದರು. ಹೆಡ್ಮಾಸ್ಟರು ಇತಿಹಾಸದ ಮೇಷ್ಟ್ರು, ನಿಯಮ ಗೊತ್ತಿರುವ ಮನುಷ್ಯ. ಕಲಿಸುವವರಿಲ್ಲದ ವಿಷಯಕ್ಕೂ ಮಕ್ಕಳು ಸ್ವಂತ ಓದಿನ ಮೇಲೆ ಪರೀಕ್ಷೆ ಕಟ್ಟಬಹುದು ಎಂದು ಅವರು ಹೇಳಿದರು. ಆದರೆ ಪರೀಕ್ಷಾ ಮಂಡಳಿ ಈ ಊರಿನಲ್ಲೇ ಪರೀಕ್ಷೆ ನಡೆಸಬೇಕಾದರೆ ಕನಿಷ್ಠ ಎಂಟು ಅಭ್ಯರ್ಥಿಗಳ ಹೆಸರು ಬೇಕು. ಒಂದು ಹೆಸರು ಕಮ್ಮಿಯಾದರೂ ಎಲ್ಲರ ಅರ್ಜಿ ತಿರಸ್ಕೃತ. ವಯಸ್ಸಿನ ಕಟ್ಟುಪಾಡಿಲ್ಲ, ಶಾಲೆಯ ಮಕ್ಕಳಲ್ಲದೆ ಹೈಸ್ಕೂಲು ಮುಗಿಸಿದ ಯಾರಾದರೂ ಕಟ್ಟಬಹುದು.

"ಎಂಟು ಜನ ಕರ್ಕೊಂಡು ಬನ್ನಿ, ನಾನು ಸಹಿ ಹಾಕ್ತೀನಿ ಅಂದೆ" ಎಂದು ಹೆಡ್ಮಾಸ್ಟರು ಒಪ್ಪಿಕೊಳ್ಳುತ್ತಾರೆ. "ನಿಜ ಹೇಳ್ಬೇಕಂದ್ರೆ, ಅವರು ಕರ್ಕೊಂಡು ಬರಲ್ಲ ಅನ್ನೋ ಧೈರ್ಯದ ಮೇಲೆ ಅಂದಿದ್ದೆ."

ಟೀಚರ್ ಸಂಜೆ ಸಂಜೆ ಮನೆಗಳಿಗೆ ಹೋದರು. ಒಂದು ಮನೆಯಲ್ಲಿ ಅಜ್ಜಿ, "ನೀವು ರವಿಕೆ ಹೊಲಿಯೋರಲ್ವಾ? ಗಣಿತ ಯಾವಾಗಿಂದ?" ಎಂದು ಮೂಗಿನ ಮೇಲೆ ಬೆರಳಿಟ್ಟರು. ಇನ್ನೊಂದು ಮನೆಯ ಅಪ್ಪ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸಿದ. ಬೇಕರಿಯವರ ಮನೆಯಲ್ಲಿ ಮಾತ್ರ ಒಳಗೆ ಕರೆದು ಕೂರಿಸಿ, "ಬೆಳಗ್ಗೆ ನಾವು ಹೇಗೂ ಬೇಗ ಏಳ್ತೀವಿ, ಹುಡುಗನ್ನ ಕಳಿಸ್ತೀವಿ" ಎಂದರು. ಹೀಗೆ ಒಬ್ಬೊಬ್ಬರಾಗಿ ಎಂಟು ಜನ ಆದರು. ಡ್ರೈವರ ಮಗಳು ಒಂದು ವರ್ಷ ಕಾಯುತ್ತೇನೆಂದು ತಾನೂ ಸೇರಿಕೊಂಡಳು.

ಹೆಸರು ಕಳಿಸುವ ಕೊನೆಯ ದಿನ ಎಂಟನೆಯ ಹುಡುಗ ಬರಲಿಲ್ಲ. ಅವನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಕಚೇರಿಯ ಮುಂದೆ ಏಳು ಮಕ್ಕಳು ಗೋಡೆಗೆ ಒರಗಿ ನಿಂತಿದ್ದರು. ಗುಮಾಸ್ತರು ಗಡಿಯಾರ ನೋಡಿ ಲಕೋಟೆಗೆ ಗೋಂದು ಹಚ್ಚಲು ಕೂತಿದ್ದರು.

"ಆ ಏಳೂ ಮುಖ ನೋಡಿದೆ" ಎನ್ನುತ್ತಾರೆ ಟೀಚರ್. "ಇವರಿಗೆ ಮನೆಗೆ ಹೋಗಿ ಅಂತ ಹೆಂಗೆ ಹೇಳೋದು? 'ಹೈಸ್ಕೂಲು ಮುಗಿಸಿದ ಯಾರಾದ್ರೂ ಕಟ್ಟಬಹುದು ಅಂದ್ರಲ್ಲ ಸಾರ್, ನಾನೂ ಮುಗಿಸಿದ್ದೀನಿ' ಅಂದೆ. ಗುಮಾಸ್ತರು ನಕ್ಕೇಬಿಟ್ರು. ಹೆಡ್ಮಾಸ್ಟರು ನಗಲಿಲ್ಲ. ಪೆನ್ನು ಕೊಟ್ರು."

ಎಂಟನೆಯ ಹೆಸರು ಟೀಚರದ್ದೇ ಆಯಿತು.

ಇನ್ನು ಪಾಠದ ಪ್ರಶ್ನೆ. ಟೀಚರಿಗೆ ಓದುವ ಕಾಲದಿಂದಲೂ ಗಣಿತ ಕಬ್ಬಿಣದ ಕಡಲೆ. ಅದರಿಂದ ತಪ್ಪಿಸಿಕೊಳ್ಳಲೆಂದೇ ಹೊಲಿಗೆ ತರಬೇತಿಗೆ ಸೇರಿದ್ದಂತೆ. ಶಾಲೆಯಲ್ಲಿದ್ದ ಒಬ್ಬರೇ ಗಣಿತದ ಮೇಷ್ಟ್ರು ನಿವೃತ್ತಿಯ ಅಂಚಿನಲ್ಲಿದ್ದರು. ತಮ್ಮ ಕಾಲೇಜಿನ ಹಳೇ ಪುಸ್ತಕವನ್ನು ಧೂಳು ಕೊಡವಿ ಕೊಟ್ಟು, "ಪುಸ್ತಕ ಇಟ್ಕೊಳ್ಳಿ, ನನ್ನನ್ನ ಮಾತ್ರ ಏನೂ ಕೇಳಬೇಡಿ" ಎಂದು ಕೈ ಮುಗಿದರು. ಫೋನಿನ ವಿಡಿಯೋಗಳಲ್ಲಿ ಪಾಠ ಹೇಳುವವರಿದ್ದರು. ಆದರೆ ಅವರ ಮಾತು ಎಕ್ಸ್‌ಪ್ರೆಸ್ ಬಸ್ಸು. ಟೀಚರ್ ಅರ್ಧ ಅರ್ಧ ನಿಮಿಷಕ್ಕೆ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮತ್ತೆ ಕೇಳಿ, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಹೊಲಿಗೆ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಕಲಿತರು. ಮಕ್ಕಳಿಗಿಂತ ಒಂದು ಪಾಠ ಮುಂದೆ ಇರಬೇಕೆಂಬುದು ಅವರ ಆಸೆ. ಹೆಚ್ಚು ದಿನ ಅದು ನಡೆಯಲಿಲ್ಲ. ಮಕ್ಕಳು ಅವರನ್ನು ದಾಟಿ ಹೋದರು.

"ಮೊದಲೆಲ್ಲ ಗೊತ್ತಿದ್ದೋಳ ಥರ ನಟಿಸಿದೆ. ಒಂದು ದಿನ ಅರ್ಧ ಲೆಕ್ಕ ಮಾಡಿ ಸಿಕ್ಕಿಹಾಕ್ಕೊಂಡೆ. ಬೆವರು ಕಿತ್ಕೊಂಡು ಬಂತು. ಆಗ ತಿರುಗಿ ಹೇಳಿದೆ, ನೋಡಿ ಮಕ್ಕಳೇ, ನನಗೂ ಇದು ಗೊತ್ತಿಲ್ಲ. ಕುರುಡಿ ಕುರುಡರಿಗೆ ದಾರಿ ತೋರಿಸಿದ ಹಾಗೆ ಆಗೋದು ಬೇಡ. ಎಲ್ಲರೂ ಕೈ ಕೈ ಹಿಡ್ಕೊಂಡು ತಡಕೋಣ. ಯಾರಿಗೆ ಬಾಗಿಲು ಸಿಗುತ್ತೋ ಅವರು ಕೂಗಿ ಹೇಳಿ."

ಅಂದಿನಿಂದ ಈ ತರಗತಿಗೆ ಒಂದು ಪದ್ಧತಿ ಬಂತು. ಯಾರಿಗೆ ಮೊದಲು ಹೊಳೆಯುತ್ತದೋ ಅವರು ಎದ್ದು ಸೀಮೆಸುಣ್ಣ ತೆಗೆದುಕೊಳ್ಳಬೇಕು. ತಪ್ಪಾದರೂ ಚಿಂತೆಯಿಲ್ಲ, ಬ್ರಷ್ಷು ಇದ್ದೇ ಇದೆ. ಹೊಲಿಗೆಯೂ ಗಣಿತವೇ, ಕತ್ತರಿ ಹಿಡಿದವರಿಗೆ ವಕ್ರರೇಖೆ ತಾನಾಗಿ ಒಲಿಯುತ್ತದೆ ಎಂದೆಲ್ಲ ಬರೆಯಬೇಕೆಂದು ನನಗೂ ಆಸೆಯಿತ್ತು. ಕೇಳಿಯೂ ನೋಡಿದೆ. ಟೀಚರ್ ಕೈ ಆಡಿಸಿಬಿಟ್ಟರು. "ಅಯ್ಯೋ, ಅದೆಲ್ಲ ಬರೀಬೇಡಿ. ಒಂದಕ್ಕೊಂದು ಸಂಬಂಧ ಇಲ್ಲ. ಕಂಕುಳ ಕಟಿಂಗು ನಾನು ಕಣ್ಣು ಮುಚ್ಚಿ ಮಾಡ್ತೀನಿ. ಇದು ಕಣ್ಣು ಬಿಟ್ಟರೂ ಬರಲ್ಲ."

ಇವತ್ತಿನ ಲೆಕ್ಕವೂ ಹಾಗೆಯೇ ನಡೆಯುತ್ತಿದೆ. ಒಂದು ಸಂಖ್ಯೆ ಇನ್ನೊಂದರ ಹತ್ತಿರ ಹತ್ತಿರ ಹೋಗುತ್ತದೆ, ಮುಟ್ಟುವುದಿಲ್ಲ. ಆದರೂ ಅದಕ್ಕೊಂದು ಬೆಲೆ ಇದೆ. ಹೇಗೆ? ಮುಂದಿನ ಸಾಲಿನ ಹುಡುಗಿ, ಬೇಕರಿಯವರ ಕಿರಿಯ ಮಗಳು, ಪೆನ್ಸಿಲ್ ಕಚ್ಚುತ್ತಾಳೆ. ಹಿಂದಿನಿಂದ ಒಬ್ಬ, "ನಮ್ಮೂರಿಗೆ ಬರೋ ಬಸ್ಸಿನ ಥರ ಟೀಚರ್. ಬರ್ತಾ ಇದೆ, ಬರ್ತಾ ಇದೆ ಅಂತಾರೆ, ಬರೋದೇ ಇಲ್ಲ" ಎನ್ನುತ್ತಾನೆ. ಕೋಣೆಗೆ ಕೋಣೆಯೇ ನಗುತ್ತದೆ. ನಗುವಿನ ಮಧ್ಯೆ ಬೇಕರಿಯ ಹುಡುಗಿ ಎದ್ದು ನಿಲ್ಲುತ್ತಾಳೆ. "ಬರದಿದ್ರೂ ಎಲ್ಲಿಗೆ ಬರ್ತಿದೆ ಅಂತ ಬಸ್ಸಿನ ಮೇಲೆ ಬೋರ್ಡು ಇರುತ್ತಲ್ಲ ಟೀಚರ್. ಆ ಬೋರ್ಡೇ ಉತ್ತರ." ಟೀಚರ್ ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟು, ಅವಳು ಬಿಟ್ಟ ಜಾಗದಲ್ಲಿ ತಾವು ಕೂರುತ್ತಾರೆ. ಪುಸ್ತಕ ತೆರೆದು ಬರೆದುಕೊಳ್ಳಲು ಶುರು ಮಾಡುತ್ತಾರೆ.

ಮೊದಲ ವರ್ಷದ ಪರೀಕ್ಷೆಯ ದಿನ ಕೊಠಡಿ ಮೇಲ್ವಿಚಾರಕರಾಗಿ ಹೊರಗಿನಿಂದ ಬಂದವರು ಟೀಚರನ್ನು ನೋಡಿ, "ಪೋಷಕರು ಹೊರಗೆ ಕೂರಬೇಕಮ್ಮ" ಎಂದರಂತೆ. ಟೀಚರ್ ಪ್ರವೇಶಪತ್ರ ತೋರಿಸಿದಾಗ ಅವರು ಅದನ್ನೂ ಮುಖವನ್ನೂ ಎರಡೆರಡು ಸಲ ನೋಡಿದರು. ಫಲಿತಾಂಶ ಬಂತು. ಏಳು ಮಕ್ಕಳಲ್ಲಿ ನಾಲ್ಕು ಮಂದಿ ಪಾಸು. ಡ್ರೈವರ ಮಗಳಿಗೆ ಒಳ್ಳೆಯ ಅಂಕ. ಟೀಚರಿಗೆ ನೂರಕ್ಕೆ ಹದಿನೆಂಟು.

ಬಿದ್ದವರಿಗೆ ಆಳಿಗೊಂದು ಕಲ್ಲು ಎಂಬಂತಾಯಿತು. ಸ್ಟಾಫ್ ರೂಮಿನಲ್ಲಿ ಕೆಲವು ದಿನ ಅವರ ಹೆಸರು 'ಹದಿನೆಂಟು' ಎಂದೇ ಆಯಿತು. "ಹದಿನೆಂಟು ಬಂದ್ರು, ಚಹಾ ಬಗ್ಗಿಸಿ" ಎನ್ನುವರು. ಮಾರುಕಟ್ಟೆಯಲ್ಲಿ ಹಳೇ ವಿದ್ಯಾರ್ಥಿಯ ತಾಯಿಯೊಬ್ಬರು, "ಫೇಲಾದ ಟೀಚರ್ ಹತ್ರ ಮಕ್ಕಳನ್ನ ಹೆಂಗೆ ಕಳಿಸೋದು?" ಎಂದು ಅವರಿಗೆ ಕೇಳುವ ಹಾಗೆಯೇ ಹೇಳಿದರು.

"ನೋವಾಗಲಿಲ್ವಾ?" ಎಂದು ನಾನು ಕೇಳಿದೆ.

"ಆಯ್ತು. ಸುಳ್ಳು ಯಾಕೆ ಹೇಳಲಿ. ಎರಡು ದಿನ ಮನೇಲಿ ಯಾರ ಹತ್ರಾನೂ ಮಾತಾಡಲಿಲ್ಲ. ಮೂರನೇ ದಿನ ಆ ಮಕ್ಕಳೆಲ್ಲ ಬಂದ್ರು. ಪಾಸಾದೋರು, ಫೇಲಾದೋರು ಎಲ್ಲ ಸೇರಿ. 'ಟೀಚರ್, ನಿಮಗೆ ಎಲ್ಲಿ ತಪ್ಪಾಯ್ತು ಅಂತ ನೋಡೋಣ, ಪ್ರಶ್ನೆಪತ್ರಿಕೆ ತೆಗೀರಿ' ಅಂದ್ರು. ನಾನು ಅವರಿಗೆ ಹೇಳೋ ಮಾತು ನನಗೇ! ನಗು ಬಂದುಬಿಡ್ತು."

ಅವರು ಮರುವರ್ಷವೂ ಕೂತರು. ಕೂರಲೇಬೇಕಿತ್ತು. ಕೆಲವು ವರ್ಷ ಹಳಬರು ಸೇರಿ ಏಳು, ಕೆಲವು ವರ್ಷ ಹೊಸಬರೇ ಏಳು. ಎಂಟು ಮಾತ್ರ ಆಗಲೇ ಇಲ್ಲ. ಎರಡನೆಯ ಸಲ ಪಾಸಾಗಲು ಕೂದಲೆಳೆಯಷ್ಟು ಕಮ್ಮಿ. ಮೂರನೆಯ ಸಲ ಪಾಸಾದರು.

ಆ ದಿನ ಶಾಲೆಯ ಪಡಸಾಲೆಯಲ್ಲಿ ಮಕ್ಕಳು ಟೀಚರನ್ನು ಸುತ್ತುವರಿದು ಕುಣಿದರಂತೆ. ಹೆಡ್ಮಾಸ್ಟರು ಕೋಣೆಯಿಂದ ಹೊರಬಂದು ಕೈ ಕುಲುಕಿದರಂತೆ. ಟೀಚರ್ ಅತ್ತರು. ಎಲ್ಲರೂ ಆನಂದಬಾಷ್ಪ ಎಂದುಕೊಂಡರು.

"ಒಂದು ಕಣ್ಣಲ್ಲಿ ಅದೇ ಇತ್ತು, ಇಲ್ಲ ಅನ್ನಲ್ಲ" ಎಂದು ಟೀಚರ್ ನಗುತ್ತಾರೆ. "ಇನ್ನೊಂದು ಕಣ್ಣಲ್ಲಿ ಬೇರೆ ಇತ್ತು. ಪಾಸಾದೋರು ಮತ್ತೆ ಅದೇ ಪರೀಕ್ಷೆ ಕಟ್ಟೋ ಹಾಗಿಲ್ಲ. ಹಾಗಾದ್ರೆ ಮುಂದಿನ ವರ್ಷ ಎಂಟನೇದು ಯಾರು?"

ಆ ವರ್ಷ ಅವರು ಯಾರನ್ನೆಲ್ಲ ಕೇಳಿದರೋ ಲೆಕ್ಕವಿಲ್ಲ. ಗುಮಾಸ್ತರನ್ನು ಕೇಳಿದರು, ಅವರು ಪಕ್ಕದ ಕೋಣೆಗೆ ಎದ್ದು ಹೋದರು. ಹೆಡ್ಮಾಸ್ಟರನ್ನೂ ಕೇಳಿದರು, ಪರೀಕ್ಷಾ ಕೇಂದ್ರದ ಮುಖ್ಯಸ್ಥರೇ ಅಭ್ಯರ್ಥಿಯಾಗುವಂತಿಲ್ಲವೆಂದು ನಿಯಮ ಅಡ್ಡ ಬಂತು. ಏಳು ಮಕ್ಕಳು ಓದುತ್ತಲೇ ಇದ್ದರು. ಅವರಿಗೆ ಟೀಚರ್ ಏನೂ ಹೇಳಿರಲಿಲ್ಲ. ಮನೆಯಲ್ಲೂ ಹೇಳಿರಲಿಲ್ಲ.

ಮನೆಯಲ್ಲಿ ಹೇಳುವುದಾದರೂ ಯಾವಾಗ? ಟೀಚರ ಯಜಮಾನರು ಕಾಗದದ ಕಾರ್ಖಾನೆಯ ಬಾಯ್ಲರಿನಲ್ಲಿ ರಾತ್ರಿ ಪಾಳಿ. ಅವರು ಮನೆಗೆ ಬರುವ ಹೊತ್ತಿಗೆ ಇವರು ಶಾಲೆಗೆ ಹೊರಡುತ್ತಾರೆ. ಇವರು ಬರುವ ಹೊತ್ತಿಗೆ ಅವರು ಎದ್ದು ಸ್ನಾನ ಮಾಡಿ ಬೂಟು ಹಾಕುತ್ತಿರುತ್ತಾರೆ. "ನಮ್ಮದು ಹೊಸ್ತಿಲ ಮೇಲಿನ ಸಂಸಾರ. ಒಬ್ಬರು ಒಳಗೆ, ಒಬ್ಬರು ಹೊರಗೆ. ಮಗಳು ಮದುವೆಯಾಗಿ ಹೋದ ಮೇಲಂತೂ ಬೀಗದ ಕೈ ಕೊಟ್ಟು ತಗೊಳ್ಳೋದೇ ಮಾತುಕತೆ" ಎನ್ನುತ್ತಾರೆ ಟೀಚರ್. ಈ ತರಗತಿ ಶುರುವಾದಾಗ ಯಜಮಾನರು, "ಊರಿಗೆ ಉಪಕಾರಿ, ಮನೆಗೆ ಮಾರಿ ಆಗಬೇಡ ಮಾರಾಯ್ತಿ" ಎಂದು ಗೊಣಗಿದ್ದೂ ಉಂಟು.

ಅವರಿಗೆ ವಿಷಯ ತಿಳಿದದ್ದು ಬಾಯ್ಲರ್ ಮನೆಯಲ್ಲಿ. ಮೊದಲ ತಂಡದಲ್ಲಿ ಪಾಸಾಗಿಯೂ, ಅಪ್ಪನಿಗೆ ಹುಷಾರು ತಪ್ಪಿದ್ದರಿಂದ ಕಾಲೇಜಿಗೆ ಹೋಗದೆ ಕಾರ್ಖಾನೆ ಸೇರಿದ ಬೇಕರಿಯ ಹಿರಿಯ ಮಗ ಅಲ್ಲಿ ಅವರ ಕೈಕೆಳಗೆ ಕೆಲಸ ಮಾಡುತ್ತಾನೆ. ಈ ಮಾತನ್ನು ಯಜಮಾನರೇ ನನಗೆ ಹೇಳಿದರು, ತರಗತಿ ಮುಗಿದ ಮೇಲೆ, ಫ್ಲಾಸ್ಕಿನ ಚಹಾ ಕುಡಿಯುತ್ತಾ. ಹೌದು, ಹಿಂದಿನ ಸಾಲಿನ ನೀಲಿ ಸಮವಸ್ತ್ರದವರು ಅವರೇ.

"ಆ ಹುಡುಗ ಬಂದು, 'ಸಾರ್, ಟೀಚರ್ ಈ ಸಲ ಕೂರೋ ಹಾಗಿಲ್ಲವಂತೆ, ತರಗತಿ ನಿಲ್ಲುತ್ತಂತೆ. ನಾನು ಕಟ್ಟೋಣ ಅಂದ್ರೆ ನಾನೂ ಪಾಸಾಗಿಬಿಟ್ಟಿದ್ದೀನಿ' ಅಂದ. ಕಾಲೇಜಿಗೆ ಹೋಗದೇ ಇರೋ ಹುಡುಗ ಕಣ್ರೀ ಅವನು. ಅವನಿಗೆ ಈ ಪಾಠದಿಂದ ಏನು ಸಿಕ್ತು? ಕೇಳಿದೆ. 'ಅಲ್ಲಿ ಕೂತಾಗ ನಾನು ದಡ್ಡ ಅಲ್ಲ ಅನ್ನಿಸ್ತಿತ್ತು ಸಾರ್' ಅಂದ. ನಾನು ಇವಳ ಮೇಲೆ ಸುಮ್ಮನೆ ಗೊಣಗಿದ್ನಲ್ಲ ಅನ್ನಿಸ್ತು."

ಪಾಳಿ ಮುಗಿಸಿದವರು ಮನೆಗೆ ಹೋಗದೆ ನೇರ ಶಾಲೆಗೆ ಬಂದರು. ಹೊಲಿಗೆ ಕೋಣೆಯ ಬಾಗಿಲಲ್ಲಿ ನಿಂತ ಯಜಮಾನರನ್ನು ನೋಡಿ ಟೀಚರ್ ಗಾಬರಿಯಾದರು. ಮನೆಯಲ್ಲಿ ಏನೋ ಆಗಿದೆ ಎಂದುಕೊಂಡರು.

"ಏನ್ರೀ, ಏನಾಯ್ತು?"

"ಏನೂ ಆಗಿಲ್ಲ. ನಾನೂ ಹೈಸ್ಕೂಲು ಮುಗಿಸಿದ್ದೀನಿ. ಮರೆತುಬಿಟ್ಯಾ?"

ಟೀಚರ್ ಅವರನ್ನು ಮಕ್ಕಳಿಂದ ಆಚೆ, ಪಡಸಾಲೆಗೆ ಕರೆದುಕೊಂಡು ಹೋದರು. "ಅವರಿಗೆ ಕೂಡೋದು ಕಳೆಯೋದು ಬಿಟ್ಟರೆ ಏನೂ ನೆನಪಿರಲಿಲ್ಲ. ಬರೀ ಹೆಸರು ಕೊಟ್ಟು ಸುಮ್ಮನಿರಿ, ಪರೀಕ್ಷೆ ದಿನ ಬಂದು ಕೂತರೆ ಸಾಕು ಅಂದೆ. ಅವರು ಕೇಳಲಿಲ್ಲ. ಹೆಸರು ಕೊಟ್ಟ ಮೇಲೆ ಪಾಠಕ್ಕೂ ಬರ್ತೀನಿ ಅಂದ್ರು."

ಅಂದಿನಿಂದ ಅವರು ದಿನಾ ಬರುತ್ತಾರೆ. ಮೊದಲ ವರ್ಷ ಪರೀಕ್ಷೆಯಲ್ಲಿ ಗೊತ್ತಿದ್ದ ಒಂದೇ ಪ್ರಶ್ನೆ ಬರೆದು ಡೆಸ್ಕಿನ ಮೇಲೆ ಮಲಗಿಬಿಟ್ಟರು. ಸಮಯ ಮುಗಿದಾಗ ಮೇಲ್ವಿಚಾರಕರು ಭುಜ ತಟ್ಟಿ ಎಬ್ಬಿಸಬೇಕಾಯಿತು. ಈಗ ಹಾಗಿಲ್ಲ. ತರಗತಿಯಲ್ಲಿ ಮೊದಲು ಒಂದು ತೂಕಡಿಕೆ, ಆಮೇಲೆ ಎದ್ದು ಕೂತು ಅನುಮಾನ ಕೇಳುತ್ತಾರೆ. ಅಂಕ ವರ್ಷ ವರ್ಷ ಏರುತ್ತಿದೆ. ಮಕ್ಕಳಿಗೆ ಇದೇ ಈಗ ಹೊಸ ಚಿಂತೆ. ನಾನು ಹೋದ ದಿನ ಒಂದು ಲೆಕ್ಕಕ್ಕೆ ಎಲ್ಲರಿಗಿಂತ ಮೊದಲು ಉತ್ತರ ಹೇಳಿದ್ದು ಅವರೇ. ಬಸ್ಸಿನ ಮಾತಾಡಿದ ಹುಡುಗ ತಿರುಗಿ ಕೈ ಮುಗಿದ: "ಮಾವ, ದಯವಿಟ್ಟು ಅಷ್ಟೊಂದು ಓದಬೇಡಿ. ನೀವು ಪಾಸಾದ್ರೆ ನಮ್ಮ ತಮ್ಮಂದಿರ ಗತಿ ಏನು?"

"ಏಯ್, ನನ್ನ ದಾರಿಗೆ ಅಡ್ಡ ಬರಬೇಡ" ಎಂದರು ಮಾವ.

ಟೀಚರ್ ಬ್ರಷ್ಷಿನಿಂದ ಬಟ್ಟೆ ಉಜ್ಜುತ್ತಾ ಆ ಕಡೆ ತಿರುಗಿದ್ದರು. ಅವರ ಭುಜ ಅಲುಗುತ್ತಿತ್ತು. ನಗುತ್ತಿದ್ದರು.

ಈ ಕೋಣೆಯಿಂದ ಹೋದ ಮಕ್ಕಳೆಲ್ಲ ದೊಡ್ಡ ಕಾಲೇಜು ಸೇರಿದರೆಂದು ಹೇಳಿದರೆ ಸುಳ್ಳಾಗುತ್ತದೆ. ಎರಡು ಸಲ ಕಟ್ಟಿಯೂ ಆಗದೆ ಕೈಬಿಟ್ಟವರಿದ್ದಾರೆ. ಪಾಸಾಗಿಯೂ ಸೀಟು ಸಿಗದೆ ಬೇರೆ ದಾರಿ ಹಿಡಿದವರಿದ್ದಾರೆ. ಡ್ರೈವರ ಮಗಳಿಗೆ ಸೀಟು ಸಿಕ್ಕಿತು, ಅದೇ ಕಾಲೇಜಿನಲ್ಲಿ. ಈಗ ಆಕೆ ಓದು ಮುಗಿಸಿ ನೀರು ಶುದ್ಧ ಮಾಡುವ ಘಟಕವೊಂದರಲ್ಲಿ ಎಂಜಿನಿಯರ್. ಫೋನಿನಲ್ಲಿ ಮಾತಾಡಿದಾಗ ಹಿಂದೆ ಪಂಪುಗಳ ಸದ್ದು ಕೇಳುತ್ತಿತ್ತು.

"ಮೊದಲ ವರ್ಷ ಕಾಲೇಜಲ್ಲಿ ನಾನು ಎಲ್ಲರಿಗಿಂತ ಹಿಂದೆ ಇದ್ದೆ" ಎಂದಳು. "ಅವರಿಗೆಲ್ಲ ದೊಡ್ಡ ದೊಡ್ಡ ಮೇಷ್ಟ್ರು ಹೇಳಿಕೊಟ್ಟಿದ್ರು. ಆದರೆ ಒಂದೊಂದು ಸಲ ಯಾರಿಗೂ ಗೊತ್ತಿಲ್ಲದ ಲೆಕ್ಕ ಕೊಡ್ತಿದ್ರಲ್ಲ, ಆಗ ಅವರೆಲ್ಲ ಕಂಗಾಲಾಗ್ತಿದ್ರು. ನನಗೇನೂ ಆಗ್ತಿರಲಿಲ್ಲ. ಗೊತ್ತಿಲ್ಲದೆ ಕೂತು ನಮಗೆ ಅಭ್ಯಾಸ ಇತ್ತಲ್ಲ." ಆಮೇಲೆ, "ಟೀಚರ್ ಹೇಗಿದ್ದಾರೆ? ಮಂಡಿನೋವು ಕಮ್ಮಿ ಆಯ್ತಂತಾ?" ಎಂದು ಕೇಳಿದಳು.

ಟೀಚರಿಗೆ ಮಂಡಿನೋವು ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಕೇಳಿದರೆ, "ಕಾಲುಮಿಷಿನ್ನು ತುಳಿದ ಕಾಲು, ಇನ್ನೇನಾಗುತ್ತೆ" ಎಂದು ಮಾತು ಹಾರಿಸಿದರು.

ಈ ವರ್ಷದ ಏಳು ಮಂದಿಯಲ್ಲಿ ಬೇಕರಿಯವರ ಕಿರಿಯ ಮಗಳು ಭೌತಶಾಸ್ತ್ರಕ್ಕೆ ಅರ್ಜಿ ಹಾಕುತ್ತಿದ್ದಾಳೆ. ಅಣ್ಣ ಕಾರ್ಖಾನೆಯಿಂದ ರಜೆ ಹಾಕಿ ತಾನೇ ಜೊತೆಗೆ ಹೋಗುತ್ತಾನಂತೆ. "ಅವನಿಗೆ ಆ ಕಾಲೇಜು ಒಳಗೆ ಹೇಗಿದೆ ಅಂತ ನೋಡ್ಬೇಕಂತೆ" ಎಂದು ಅವಳು ಹಲಗೆಗಳನ್ನು ಎತ್ತಿಡುತ್ತಾ ಹೇಳುತ್ತಾಳೆ. ಗಂಟೆ ಹೊಡೆಯುವ ಮೊದಲು ಮಿಷಿನ್ನುಗಳು ಮತ್ತೆ ಮಿಷಿನ್ನುಗಳಾಗಬೇಕು. ಮೊದಲ ತರಗತಿಗೆ ಚಿಕ್ಕ ಮಕ್ಕಳು ಗುಂಡಿ ಹಾಕುವುದನ್ನು ಕಲಿಯಲು ಬರುತ್ತಾರೆ.

ಇತ್ತೀಚೆಗೆ ಒಂದು ಸುದ್ದಿ ಇದೆ. ಸತತ ಏಳು ವರ್ಷ ಈ ಕೇಂದ್ರದಿಂದ ಅಭ್ಯರ್ಥಿಗಳು ಪರೀಕ್ಷೆ ಕಟ್ಟಿದ್ದನ್ನು ಇಲಾಖೆ ಗಮನಿಸಿದೆ, ಬರುವ ವರ್ಷ ಹೈಯರ್ ಮ್ಯಾಥ್ಸ್‌ಗೆ ಒಬ್ಬ ಶಿಕ್ಷಕರನ್ನು ಕಳಿಸಬಹುದು ಎಂದು ಹೆಡ್ಮಾಸ್ಟರು ಹೇಳುತ್ತಾರೆ. ಶಿಕ್ಷಕರು ಬಂದರೆ ಎಂಟರ ಕಟ್ಟುಪಾಡು ಇರುವುದಿಲ್ಲ. ಒಬ್ಬರೇ ಇದ್ದರೂ ಪಾಠ ನಡೆಯುತ್ತದೆ. ಹೊಲಿಗೆ ಟೀಚರ್ ಬೆಳಗ್ಗೆ ಮನೆಯಲ್ಲಿ ಇನ್ನಷ್ಟು ಹೊತ್ತು ಮಲಗಬಹುದು.

ಯಜಮಾನರಿಗೆ ಈ ಸುದ್ದಿ ಅರ್ಧ ಹಿಡಿಸಿದೆ. "ಬಂದರೆ ನಾನು ಧೈರ್ಯವಾಗಿ ಪಾಸಾಗಬಹುದು" ಎನ್ನುತ್ತಾರೆ, ಬೂಟಿನ ದಾರ ಕಟ್ಟುತ್ತಾ. ಆಮೇಲೆ ಹೆಂಡತಿಯ ಕಡೆ ನೋಡಿ ದನಿ ತಗ್ಗಿಸುತ್ತಾರೆ. "ಆದರೆ ಬೆಳಗ್ಗೆ ಹೊತ್ತು ಇವಳ ಜೊತೆ ಒಂದು ಕಡೆ ಕೂರೋದು ಅಭ್ಯಾಸ ಆಗಿಬಿಟ್ಟಿದೆ ನೋಡಿ."

ಟೀಚರ್ ಕೇಳಿಸಿಯೂ ಕೇಳಿಸದವರ ಹಾಗೆ ಕಪ್ಪು ಬಟ್ಟೆಯನ್ನು ಮೊಳೆಗಳಿಂದ ಬಿಡಿಸಿ ನಾಲ್ಕು ಮಡಿಕೆ ಹಾಕುತ್ತಾರೆ. ಹೊಸ ಮೇಷ್ಟ್ರು ಬಂದರೆ ನಿಮಗೆ ಬೇಸರವಾಗುವುದಿಲ್ಲವೇ ಎಂದು ನಾನು ಕೇಳುತ್ತೇನೆ.

"ಬೇಸರ ಯಾಕೆ? ಬರಲಿ ಅಂತ ತಾನೇ ಇಷ್ಟೆಲ್ಲ" ಎನ್ನುತ್ತಾರೆ. ಬಟ್ಟೆಯನ್ನು ಬೀರುವಿನಲ್ಲಿಟ್ಟು, ಬಾಗಿಲು ಹಾಕಿ, ಸ್ವಲ್ಪ ಸಂಕೋಚದಿಂದ ತಿರುಗುತ್ತಾರೆ. "ಒಂದೇ ಒಂದು ಆಸೆ ಇದೆ. ಅವರು ಒಳ್ಳೆಯವರಾದ್ರೆ ಕೇಳ್ಬೇಕು ಅಂತ ಇದ್ದೀನಿ. ಹಿಂದಿನ ಬೆಂಚಲ್ಲಿ ನಾನೂ ಕೂತ್ಕೊಳ್ಳಲಾ ಅಂತ. ಕೊನೇ ಎರಡು ಪಾಠ ನನಗೆ ಇವತ್ತಿಗೂ ಅರ್ಥ ಆಗಿಲ್ಲ."